ಕ್ಷೌರದಂಗಡಿಯ ಬೋಳು ನಾಯಿ

ಜೂನ್ ೯

ಪ್ರೀತಿಯ ತಂಗಿಗೆ,

ಅಣ್ಣನ ಆಶೀರ್ವಾದಗಳು. ನಾವು ಮೂವರೂ ಸೌಖ್ಯ. ನಾಲ್ಕನೆಯದರ ವಿಷಯಕ್ಕೇ ಈ ಪತ್ರ. ನಿನ್ನ ಎರಡು ಕಾಗದಗಳು ಬಂದು ಮೇಜಿನ ಮೇಲೆ ಕುಳಿತು ಎರಡು ತಿಂಗಳಾಯಿತು. ಉತ್ತರ ಬರೆಯದಿದ್ದದ್ದು ನನ್ನದೇ ತಪ್ಪು. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನಾನು ಮಾತಾಡುವುದು ಬಿಟ್ಟು ವಿಚಾರಣೆ ಮಾಡುತ್ತೇನಂತೆ. ಹಾಗೆಂದವಳು ನಿನ್ನ ಅತ್ತಿಗೆ. ಕಾಗದದಲ್ಲಾದರೆ ಅತಿಯಾದದ್ದನ್ನು ಹೊಡೆದುಹಾಕಬಹುದು. ಈ ಹಾಳೆಯ ಮೂಲೆಯಲ್ಲಿ ಮಸಿ ಬಳಿದ ಜಾಗ ನೋಡಿ ಅಲ್ಲಿ ಏನಿತ್ತೋ ಎಂದು ತಲೆ ಕೆಡಿಸಿಕೊಳ್ಳಬೇಡ. ಇನ್ನೊಂದು ಮಾತು. ಮುಂದಿನ ಸಲ ಲಕೋಟೆ ಒಡೆಯುವ ಮೊದಲು ಅಂಟು ನೋಡು. ನಮ್ಮ ಬೀದಿಯ ಅಂಚೆಯವನು ಕಾಗದಗಳನ್ನು ಬೆಳಕಿಗೆ ಹಿಡಿದು ನೋಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನೀನು ಎರಡು ವರ್ಷದ ಹಿಂದೆ ಬುಟ್ಟಿಯಲ್ಲಿ ಇಟ್ಟು ಕೊಟ್ಟೆಯಲ್ಲ, ಆ ಪೊಮೆರೇನಿಯನ್ ಮರಿ, ನಮ್ಮ ಹತ್ತಿ, ಅದರ ಕೂದಲು ಉದುರುತ್ತಿದೆ. ಬೇಸಗೆಯಲ್ಲಿ ನಾಯಿಗೆ ಕೂದಲು ಉದುರುವುದಿಲ್ಲವೇ ಅನ್ನಬೇಡ. ಇದು ಆ ಥರ ಅಲ್ಲ. ಮೊದಲು ಹಿಂಗಾಲಿನ ತೊಡೆಯ ಹಿಂಭಾಗದಲ್ಲಿ ಶುರುವಾಯಿತು. ಮೇಲಿನ ಉದ್ದ ಕೂದಲು ಹೋಗಿ ಒಳಗಿನ ತುಪ್ಪಳ ಮಾತ್ರ ಉಳಿಯಿತು, ಆಮೇಲೆ ತುಪ್ಪಳವೂ ಹೋಯಿತು. ಈಗ ಬಾಲ ಇಲಿಯ ಬಾಲದಂತಿದೆ. ಕುತ್ತಿಗೆಯ ಸುತ್ತಲೂ ಖಾಲಿ. ತಲೆ ಮತ್ತು ಮುಂಗಾಲು ಮಾತ್ರ ಮೊದಲಿನಂತೆ ತುಂಬಿಕೊಂಡಿವೆ. ಬಾಗಿಲಿನಿಂದ ಮುಖವಷ್ಟೇ ಹೊರಗೆ ಹಾಕಿದಾಗ ಹೊಸಬರು ಮುದ್ದಾಗಿದೆ ಅನ್ನುತ್ತಾರೆ. ಪೂರ್ತಿ ಹೊರಗೆ ಬಂದಾಗ ಮಾತು ನಿಲ್ಲಿಸುತ್ತಾರೆ. ಅಂಗಡಿಗೆ ಬರುವವರಿಗಂತೂ ಹಬ್ಬ. "ಏನ್ ಯಜಮಾನ್ರೇ, ಗಿರಾಕಿ ಇಲ್ಲದಾಗ ಕೈ ಸುಮ್ಮನಿರಲ್ವಾ?" ಎಂದು ಕೇಳುತ್ತಾರೆ. ಹತ್ತಿ ಹೋಗಿ ಬೀಜ ಉಳಿಯಿತು ಎಂದು ನಿನ್ನ ಮುದ್ದಿನ ಸೊಸೆ, ನನ್ನ ಮಗಳು, ಮೊದಲು ನಕ್ಕಳು. ಈಗ ಅವಳೂ ನಗುವುದಿಲ್ಲ.

ನಾನು ಇಪ್ಪತ್ತಾರು ವರ್ಷದಿಂದ ಕತ್ತರಿ ಹಿಡಿದವನು. ಕತ್ತರಿಸಿದ ಕೂದಲು ಯಾವುದು, ಕಿತ್ತದ್ದು ಯಾವುದು, ಸುಟ್ಟದ್ದು ಯಾವುದು ಎಂದು ನೆಲದ ಮೇಲೆ ಬಿದ್ದದ್ದನ್ನು ನೋಡಿಯೇ ಹೇಳುತ್ತೇನೆ. ಇದು ಎಡಕ್ಕೆ ಎಷ್ಟು ಹೋಗಿದೆಯೋ ಬಲಕ್ಕೂ ಅಷ್ಟೇ ಹೋಗಿದೆ, ಬಾಚಣಿಗೆ ಇಟ್ಟು ಅಳೆದ ಹಾಗೆ. ತಾನಾಗಿ ಬರುವ ಕಾಯಿಲೆಗೆ ಇಷ್ಟು ಅಚ್ಚುಕಟ್ಟು ಎಲ್ಲಿಂದ ಬಂತು? ಇದರಲ್ಲಿ ಯಾರದೋ ಕೈ ಇದೆ ಎಂದು ನನಗೆ ಅನ್ನಿಸಿತು.

ಮೊದಲು ಅನುಮಾನ ಬಂದದ್ದು ಮಹಡಿಯ ಮನೆಯವನ ಮೇಲೆ. ಹತ್ತಿ ಬೊಗಳಿದರೆ ಅವನು ಮೇಲಿನಿಂದ ನೆಲ ಕುಟ್ಟುತ್ತಾನೆ. ಪ್ರತಿ ಭಾನುವಾರ ಬಕೆಟ್ ತಂದು ಮೆಟ್ಟಿಲು ತೊಳೆಯುತ್ತಾನೆ. ಯಾರೂ ಹೇಳದೆ ಮೆಟ್ಟಿಲು ತೊಳೆಯುವ ಮನುಷ್ಯನನ್ನು ನೀನು ಎಲ್ಲಾದರೂ ಕಂಡಿದ್ದೀಯಾ? ಹತ್ತಿ ಮಲಗುವುದು ಕೊನೆಯ ಮೆಟ್ಟಿಲ ಮೇಲೆ. ಮೂರು ಭಾನುವಾರ ಪರದೆಯ ಹಿಂದೆ ನಿಂತು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಕೊನೆಗೆ ಅವನು ಒಳಗೆ ಹೋದಾಗ ಬಕೆಟ್‌ಗೆ ಕೈ ಅದ್ದಿ ಮೂಸಿ ನೋಡಿದೆ. ತಿರುಗಿದರೆ ಅವನು ಹಿಂದೆಯೇ ನಿಂತಿದ್ದ. "ಬಟ್ಟೆ ಸೋಪಿನ ನೀರು. ಕುಡಿದು ನೋಡ್ತೀರಾ?" ಎಂದ. ಅವನನ್ನು ಪಟ್ಟಿಯಿಂದ ತೆಗೆದಿದ್ದೇನೆ, ಪೂರ್ತಿಯಾಗಿ ಅಲ್ಲ.

ಇನ್ನು ಎಡಗೈ. ನಿನಗೆ ನೆನಪಿರಬೇಕು, ಹನ್ನೊಂದು ವರ್ಷದಿಂದ ನನ್ನ ಅಂಗಡಿಯ ಎರಡನೆಯ ಕುರ್ಚಿ ನೋಡಿಕೊಳ್ಳುವವನು. ಎಡಗೈಯಲ್ಲಿ ಕತ್ತರಿ ಹಿಡಿಯುವುದರಿಂದ ಅವನ ಮನೆಯವರೂ ಅವನನ್ನು ಹಾಗೆಯೇ ಕರೆಯುತ್ತಾರೆ. ವಾರಕ್ಕೊಮ್ಮೆ ಹತ್ತಿಗೆ ಸ್ನಾನ ಮಾಡಿಸುವವನು ಅವನು. ಅಂಗಡಿಯಲ್ಲಿ ಕೂದಲಿಗೆ ಹಚ್ಚುವ ಬಣ್ಣ ಇದೆ, ಬಿಳುಪು ಮಾಡುವ ಪುಡಿ ಇದೆ. ಹೋದ ವರ್ಷ ಹೊರಗಿನ ಬೋರ್ಡಿನಲ್ಲಿ ನನ್ನ ಹೆಸರಿನ ಪಕ್ಕ ತನ್ನ ಹೆಸರೂ ಇರಲಿ ಎಂದು ಕೇಳಿದ್ದ. ನಾನು ಆಗಲ್ಲ ಎಂದಿದ್ದೆ. ಸದ್ಯಕ್ಕೆ ಇಷ್ಟೇ ಬರೆಯುತ್ತೇನೆ.

ನಿನ್ನಲ್ಲಿ ಒಂದು ಕೇಳುವುದಿದೆ. ಪಶು ಆಸ್ಪತ್ರೆಯ ಕಾಂಪೌಂಡರು, "ಇದರ ತಾಯಿಗೆ ಹೀಗೇನಾದ್ರೂ ಇತ್ತಾ?" ಎಂದು ವಿಚಾರಿಸಿದ. ತಾಯಿ ನಿನ್ನ ಮನೆಯಲ್ಲೇ ಇದೆಯಲ್ಲ, ನೋಡಿ ಒಂದು ಸಾಲು ಬರೆ. ಇದ್ದರೆ ಇದೆ ಎನ್ನು, ಇಲ್ಲದಿದ್ದರೆ ಇಲ್ಲ ಎನ್ನು. ನನಗೆ ಯಾರ ಕಡೆ ನೋಡಬೇಕು ಎಂದು ಗೊತ್ತಾದರೆ ಸಾಕು.

ಭಾವನವರಿಗೆ ನನ್ನ ನಮಸ್ಕಾರ ಹೇಳು. ನಿಮ್ಮೆಲ್ಲರಿಗೂ ಒಳ್ಳೆಯದಾಗಲಿ.

ನಿನ್ನ ಅಣ್ಣ

ತಾ.ಕ.: ತಾಯಿ ನಾಯಿಯ ಒಂದು ಫೋಟೊ ಕಳಿಸು. ಇತ್ತೀಚಿನದು.


ಆಗಸ್ಟ್ ೨

ಪ್ರೀತಿಯ ತಂಗಿಗೆ,

ಆಶೀರ್ವಾದಗಳು. ನಿನ್ನ ಉತ್ತರ ಬಂದು ಮೂರು ವಾರವಾಯಿತು. ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಅಂಗಡಿಯಲ್ಲಿ ಈಗ ನಾನೊಬ್ಬನೇ. ಯಾಕೆಂದು ಮುಂದೆ ಬರೆಯುತ್ತೇನೆ.

"ನಮ್ಮಲ್ಲಿ ಯಾವುದಕ್ಕೂ ಹಾಗಿಲ್ಲ ಅಣ್ಣ, ಸೋಪು ಬದಲಿಸಿ ನೋಡು" ಎಂದು ಬರೆದಿದ್ದೀಯ. ಒಂದೇ ಸಾಲು. ಹವಾಮಾನಕ್ಕೆ ಐದು ಸಾಲು, ಭಾವನ ಮಂಡಿನೋವಿಗೆ ಒಂದು ಪುಟ, ಇದಕ್ಕೆ ಒಂದು ಸಾಲು. ಫೋಟೊ ಕಳಿಸಲು ಮರೆತಿದ್ದೀಯ. ಇರಲಿ, ನಿನ್ನ ಮಾತಿನ ಮೇಲೆ ನನಗೆ ನಂಬಿಕೆ ಇದೆ. ರಕ್ತದಲ್ಲಿ ದೋಷ ಇಲ್ಲ ಎಂದಮೇಲೆ ಕೈಯಲ್ಲಿ ಇರಬೇಕು. ನನ್ನ ಲೆಕ್ಕ ಅಲ್ಲಿಗೆ ಬಂದು ನಿಂತಿತು.

ಜುಲೈ ಮೂರನೆಯ ವಾರ ಎಡಗೈ ಹತ್ತಿಗೆ ಸ್ನಾನ ಮಾಡಿಸುವಾಗ ಹಿಂದಿನ ಬಾಗಿಲಲ್ಲಿ ನಿಂತು ನೋಡಿದೆ. ಚರ್ಮ ಆಗಲೇ ಕಪ್ಪಾಗತೊಡಗಿತ್ತು, ಬಾಣಲೆಯ ತಳದ ಹಾಗೆ. ಅವನು ಬೆನ್ನಿಗೆ ಏನೋ ಸವರುತ್ತಿದ್ದ. "ಅದೇನದು?" ಎಂದೆ. ಬೆಚ್ಚಿಬಿದ್ದು ಡಬ್ಬಿಯನ್ನು ಹಿಂದಕ್ಕೆ ಸರಿಸಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಡಬ್ಬಿ ಕಿತ್ತುಕೊಂಡು ನೋಡಿದೆ. ಎಳೆ ಮಕ್ಕಳ ಮೈಗೆ ಹಚ್ಚುವ ಮುಲಾಮು.

"ನನ್ನ ಮೊಮ್ಮಗಂದು," ಎಂದ. "ಪಾಪ, ಬಿಸಿಲಿಗೆ ಚರ್ಮ ಒಣಗ್ತಿದೆ, ಅದಕ್ಕೆ ತಂದೆ."

"ಇವತ್ತು ಇದು. ಮೊದಲು ಏನು ಹಚ್ಚಿದ್ದೆ?"

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ಬೋರ್ಡಿನ ವಿಷಯ ಎತ್ತಿದೆ, ಬಿಳುಪಿನ ಪುಡಿಯ ವಿಷಯ ಎತ್ತಿದೆ. ಪುಡಿಯ ಪೊಟ್ಟಣಗಳಿಗೆ ನಾನು ಮೇ ತಿಂಗಳಿಂದಲೇ ಗುರುತು ಹಾಕಿಟ್ಟಿದ್ದೆ ಎಂದೂ ಹೇಳಿದೆ. ಒಂದೂ ಕಡಿಮೆ ಆಗಿರಲಿಲ್ಲ, ಆದರೆ ಅದನ್ನು ಹೇಳಲಿಲ್ಲ. ಅವನು ಕೈ ಒರೆಸಿಕೊಂಡು ನೆಟ್ಟಗೆ ನಿಂತ.

"ಯಜಮಾನ್ರೇ, ಹನ್ನೊಂದು ವರ್ಷದಿಂದ ನಿಮ್ಮ ಗಡ್ಡ ನಾನೇ ಮಾಡ್ತಿದೀನಿ. ವಾರಕ್ಕೆ ಮೂರು ಸಲ ಕತ್ತಿ ನಿಮ್ಮ ಗಂಟಲ ಮೇಲಿರುತ್ತೆ. ನನಗೆ ಹಗೆ ಇದ್ದಿದ್ರೆ ನಾಯಿ ಬಾಲಕ್ಕೆ ಯಾಕೆ ಹೋಗ್ತಿದ್ದೆ?"

ಮಾತು ಸರಿಯಾಗಿಯೇ ಇತ್ತು. ಸರಿಯಾಗಿದ್ದದ್ದೇ ನನಗೆ ಇನ್ನಷ್ಟು ಅನುಮಾನ ಹುಟ್ಟಿಸಿತು. ಅಷ್ಟು ಸರಿಯಾದ ಮಾತು ಮೊದಲೇ ಯೋಚಿಸಿಟ್ಟುಕೊಳ್ಳದೆ ಬರುವುದಿಲ್ಲ. ನಾಳೆಯಿಂದ ಬರಬೇಡ ಎಂದೆ. ಅವನು ತನ್ನ ಎಡಗೈ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡ, ಹತ್ತಿಯ ಮೈ ಪೂರ್ತಿ ಒರೆಸಿದ, ಆಮೇಲೆ ಹೋದ. ಮನೆಯಲ್ಲಿ ಹೇಳಿದಾಗ ನಿನ್ನ ಅತ್ತಿಗೆ ಇಸ್ತ್ರಿ ನಿಲ್ಲಿಸಿ ಏನೋ ಹೇಳಲು ಬಂದಳು. ನೀನೂ ಅವನ ಪರವೇ ಎಂದು ಕೇಳಿದೆ. ಮತ್ತೆ ಇಸ್ತ್ರಿ ಪೆಟ್ಟಿಗೆ ಕೈಗೆ ತೆಗೆದುಕೊಂಡಳು.

ಅವನು ಹೋಗಿ ಎರಡು ವಾರವಾಯಿತು. ಕೂದಲು ಉದುರುವುದು ನಿಂತಿಲ್ಲ. ಹಚ್ಚಿದ್ದು ಆಳಕ್ಕೆ ಇಳಿದಿರಬೇಕು.

ಆರೋಗ್ಯ ನೋಡಿಕೋ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಣ್ಣ

ತಾ.ಕ.: ಫೋಟೊ.


ನವೆಂಬರ್ ೧೭

ಪ್ರೀತಿಯ ತಂಗಿಗೆ,

ಅಣ್ಣನ ಆಶೀರ್ವಾದಗಳು. ಆಗಸ್ಟಿನಿಂದ ನೀನು ನಾಲ್ಕು ಕಾಗದ ಬರೆದೆ, ನಾನು ಒಂದಕ್ಕೂ ಉತ್ತರಿಸಲಿಲ್ಲ. ನಾಲ್ಕರಲ್ಲೂ ಒಂದೇ ಮಾತು: "ಎಡಗೈನ ವಾಪಸ್ ಕರೆಸಿಕೋ ಅಣ್ಣ, ಅವನ ತಪ್ಪಿರಲ್ಲ." ಎರಡನೆಯದನ್ನು ಓದಿದಾಗ ಅವನು ನಿನ್ನ ವಿಳಾಸ ಹುಡುಕಿಕೊಂಡು ಬಂದು ನಿನ್ನ ಕಿವಿ ಊದಿದ್ದಾನೆ ಎಂದುಕೊಂಡೆ. ಮೂರನೆಯದನ್ನು ಅರ್ಧಕ್ಕೆ ಬಿಟ್ಟೆ. ಈಗ ಎಲ್ಲವನ್ನೂ ಮತ್ತೆ ಓದಿದ್ದೇನೆ. ನೀನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದದ್ದು ಯಾಕೆ ಎಂದು ಈಗ ತಿಳಿಯುತ್ತದೆ.

ಅಕ್ಟೋಬರಿನಲ್ಲಿ ಮಗಳ ಒತ್ತಾಯಕ್ಕೆ ಹತ್ತಿಯನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಒಬ್ಬ ಡಾಕ್ಟರಮ್ಮ ಚರ್ಮದ ಕಾಯಿಲೆಗಳನ್ನೇ ನೋಡುತ್ತಾರೆ. ರಕ್ತ ತೆಗೆದರು, ಥೈರಾಯ್ಡ್ ನೋಡಿದರು, ಚರ್ಮ ಕೆರೆದು ಹುಳು ಇದೆಯೇ ಎಂದು ನೋಡಿದರು, ಬೆನ್ನಿನಿಂದ ಅವರೆಕಾಳಿನಷ್ಟು ಚರ್ಮ ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಎರಡನೆಯ ಸಲ ಹೋದಾಗ ಕೂರಿಸಿ ಹೇಳಿದರು.

"ಬೇರೆ ಕಾಯಿಲೆಗಳನ್ನೆಲ್ಲ ಒಂದೊಂದಾಗಿ ಬಿಟ್ಟ ಮೇಲೆ ಉಳಿಯೋದು ಇದು. ಈ ಜಾತೀಲಿ ವಂಶದಿಂದ ಬರುತ್ತೆ. ಕೂದಲಿನ ಬುಡ ನಿದ್ದೆ ಹೋದ ಹಾಗೆ ಆಗಿಬಿಡುತ್ತೆ, ಚರ್ಮ ಕಪ್ಪಾಗುತ್ತೆ. ನೋವಿಲ್ಲ, ಕಡಿತ ಇಲ್ಲ, ಇನ್ನೊಂದಕ್ಕೆ ಅಂಟೋದೂ ಇಲ್ಲ. ತಾನು ಬೋಳಾಗಿದೀನಿ ಅಂತ ಅದಕ್ಕೆ ಗೊತ್ತೂ ಇಲ್ಲ."

"ಯಾರಾದರೂ ಏನಾದರೂ ಹಚ್ಚಿದ್ರೆ ಹೀಗಾಗಲ್ವಾ?"

"ಹಚ್ಚಿದ್ರೆ ಸುಡುತ್ತೆ, ಗಾಯ ಆಗುತ್ತೆ. ಎರಡೂ ಕಡೆ ಸಮವಾಗಿ ಹೋಗಿದೆ ನೋಡಿ, ಅದು ಒಳಗಿನಿಂದ ಬಂದಿದ್ದರ ಗುರುತು."

ನಾನು ಯಾವುದನ್ನು ಸಾಕ್ಷಿ ಎಂದು ಹಿಡಿದುಕೊಂಡಿದ್ದೆನೋ ಅದನ್ನೇ ಅವರು ಎದುರು ಪಕ್ಷಕ್ಕೆ ಕೊಟ್ಟುಬಿಟ್ಟರು. ಆದರೂ ಒಪ್ಪಲಿಲ್ಲ. ಯಾವುದಕ್ಕೆ ಮದ್ದು ಗೊತ್ತಿಲ್ಲವೋ ಅದನ್ನೆಲ್ಲ ಡಾಕ್ಟರುಗಳು ವಂಶದ ಮೇಲೆ ಹಾಕುತ್ತಾರೆ ಎಂದುಕೊಂಡು ಎದ್ದುಬಂದೆ. ತಂಗಿಯೇ ಇಲ್ಲ ಎಂದು ಬರೆದುಕೊಟ್ಟಿದ್ದಾಳಲ್ಲ ಎಂಬ ಧೈರ್ಯ ನನಗೆ.

ಹೊರಗಿನ ಬೆಂಚಿನ ಮೇಲೆ ಬಿಳಿ ಕೂದಲಿನ ಹೆಂಗಸೊಬ್ಬರು ಕುಳಿತಿದ್ದರು, ಹಿಂದೆ ದಾದಿಯಾಗಿದ್ದವರಂತೆ. ಅವರ ಮಡಿಲಲ್ಲಿ ನೀಲಿ ಸ್ವೆಟರ್ ಹಾಕಿಕೊಂಡ ಒಂದು ಪೊಮೆರೇನಿಯನ್. ಸ್ವೆಟರಿನಿಂದ ಹೊರಗಿದ್ದ ಬಾಲ ಇಲಿಯ ಬಾಲದಂತಿತ್ತು. ಎರಡು ನಾಯಿಗಳೂ ಒಂದನ್ನೊಂದು ಮೂಸಿದವು. ಎಲ್ಲಿಂದ ತಂದಿರಿ ಎಂದು ಕೇಳಿದೆ. ನಿಮ್ಮ ಊರು ಹೇಳಿದರು, ನಿಮ್ಮ ಬೀದಿ ಹೇಳಿದರು, ಹಸಿರು ಗೇಟು ಎಂದೂ ಹೇಳಿದರು. ನಾನು ಯಾರೆಂದು ಹೇಳಿಕೊಳ್ಳಲಿಲ್ಲ.

"ಆಯಮ್ಮ ಒಳ್ಳೆಯವರು," ಎಂದರು. "ಮರಿ ಕೊಟ್ಟಾಗ ಅವರಿಗೂ ಗೊತ್ತಿರಲಿಲ್ಲ. ಆಮೇಲೆ ತಾಯಿಗೇ ಕೂದಲು ಹೋಗೋಕೆ ಶುರುವಾಯ್ತಂತೆ. ಗೊತ್ತಾದ ದಿನವೇ ಮರಿ ಹಾಕಿಸೋದು ನಿಲ್ಲಿಸಿಬಿಟ್ರು. ಮರಿ ತಗೊಂಡವರಿಗೆಲ್ಲ ತಾವೇ ಫೋನ್ ಮಾಡಿ, ತಪ್ಪಾಯ್ತು ಅಂತ ಅತ್ರು."

"ಎಲ್ಲರಿಗೂ ಮಾಡಿದ್ರಾ?"

"ಎಲ್ಲರಿಗೂ ಅಂದ್ರಪ್ಪ."

"ಯಾವಾಗ?"

"ಫೆಬ್ರವರೀಲಿ."

ಫೆಬ್ರವರಿ. ನಾನು ನಿನ್ನನ್ನು ಕೇಳಿದ್ದು ಜೂನಿನಲ್ಲಿ. ಬಸ್ಸಿನಲ್ಲಿ ಬರುವಾಗ ನಿನಗೆ ಬರೆಯಬೇಕಾದ ಪತ್ರವನ್ನು ಮನಸ್ಸಿನಲ್ಲೇ ಬರೆದು ಮುಗಿಸಿದ್ದೆ. ಅದು ನಿನ್ನ ಕೈಗೆ ಸೇರದಿದ್ದದ್ದು ಒಳ್ಳೆಯದೇ ಆಯಿತು. ಅದರಲ್ಲಿ ಆಶೀರ್ವಾದ ಇರಲಿಲ್ಲ.

ಮನೆಗೆ ಬಂದಾಗ ನಿನ್ನ ಅತ್ತಿಗೆ ತನ್ನ ಗಿರಾಕಿಗಳ ಶರಟುಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಅವಳು ಆಶ್ಚರ್ಯಪಡುತ್ತಾಳೆಂದು ಕಾದೆ. ಅವಳು ಕಾಲರನ್ನು ಮಡಿಸಿ ಮುಗಿಸಿದಳು.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು. ಫೆಬ್ರವರೀಲಿ ನಮಗೂ ಫೋನ್ ಮಾಡಿದ್ರು. ನೀವು ಅಂಗಡೀಲಿದ್ರಿ."

"ಮತ್ತೆ ಯಾಕೆ ಹೇಳಲಿಲ್ಲ?"

"ಅವರೇ ಬೇಡ ಅಂದ್ರು. ‘ನಾನು ಬೇಕಂತಲೇ ಕೆಟ್ಟ ಮರಿ ಸಾಗಹಾಕಿದೆ ಅಂತಾನೆ ಅತ್ತಿಗೆ, ಸಾಯೋತನಕ ಅದನ್ನೇ ಅಂತಾನೆ’ ಅಂದ್ರು. ಇಲ್ಲ, ಹಾಗನ್ನಲ್ಲ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ."

"ಎಡಗೈನ ಕಳಿಸಿದಾಗಲಾದರೂ ಹೇಳಬೇಕಿತ್ತು."

"ಬಾಯಿ ತೆಗೆದಿದ್ದೆ. ನೀವು ಮುಚ್ಚಿಸಿದ್ರಿ." ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ನನ್ನದೂ ತಪ್ಪಿದೆ. ಅವತ್ತಿನಿಂದ ನಾನು ಎಡಗೈ ಮನೆ ರಸ್ತೇಲಿ ಓಡಾಡ್ತಿಲ್ಲ, ಅವರ ಹೆಂಡತಿ ಸಿಕ್ಕಿದ್ರೆ ಏನು ಮಾತಾಡಲಿ ಅಂತ."

ಮಗಳು ಒಳಗಿನ ಕೋಣೆಯಲ್ಲಿ ಓದುತ್ತಿದ್ದಳು. ಪುಟ ತಿರುಗಿಸುವ ಸದ್ದು ನಿಂತು ಬಹಳ ಹೊತ್ತಾಗಿತ್ತು. ಅವಳಿಗೂ ಗೊತ್ತಿತ್ತು ಎಂದು ಅದರಿಂದಲೇ ತಿಳಿಯಿತು. ಎಲ್ಲರೂ ಸೇರಿ ನನ್ನಿಂದ ಏನೋ ಮುಚ್ಚಿಡುತ್ತಿದ್ದಾರೆ ಎಂದು ನಾನು ವರ್ಷಗಟ್ಟಲೆ ಅನುಮಾನಪಟ್ಟಿದ್ದೇನೆ, ತಂಗಿ. ಒಂದು ಸಲ ಅದು ನಿಜವಾಯಿತು. ನಿಜವಾದಾಗ ಗೆದ್ದ ಹಾಗಾಗಬೇಕಿತ್ತು. ಆ ಸಂಜೆ ಊಟಕ್ಕೆ ಕುಳಿತಾಗ ಮೂವರೂ ತಟ್ಟೆ ನೋಡಿಕೊಂಡೇ ಉಂಡೆವು.

ಮಾರನೆಯ ದಿನ ಅಂಗಡಿ ತೆರೆಯದೆ ಎಡಗೈ ಈಗ ಕೆಲಸ ಮಾಡುವ ಕಡೆ ಹೋದೆ. ರೈಲು ನಿಲ್ದಾಣದ ಎದುರಿಗಿದೆ, ಆರು ಕುರ್ಚಿಯ ದೊಡ್ಡ ಅಂಗಡಿ. ಅವನ ಕುರ್ಚಿ ಖಾಲಿಯಾಗುವವರೆಗೆ ಕಾದು ಕುಳಿತೆ. ಗಡ್ಡ ಮಾಡು ಎಂದೆ. ಅವನು ಹೆಗಲಿಗೆ ಬಟ್ಟೆ ಹೊದಿಸಿದ, ನೊರೆ ಹಚ್ಚಿದ. ಗಂಟಲ ಹತ್ತಿರ ಬಂದಾಗ ಮಾತ್ರ ಒಂದು ಕ್ಷಣ ಕತ್ತಿ ನಿಲ್ಲಿಸಿ, "ತಲೆ ಮೇಲೆತ್ತಿ," ಎಂದ. ಕನ್ನಡಿಯಲ್ಲಿ ಅವನ ಮುಖ ನೋಡುತ್ತ ಹೇಳಿದೆ: "ಅದು ಹುಟ್ಟಿನಿಂದ ಬಂದಿದ್ದಂತೆ. ನಿನ್ನ ಕೈ ಅದರಲ್ಲಿ ಇರಲಿಲ್ಲ. ನಾನು ಮಾಡಿದ್ದು ತಪ್ಪು."

"ನನಗೆ ಗೊತ್ತಿತ್ತಲ್ಲ ಯಜಮಾನ್ರೇ," ಎಂದ. "ನಾಯಿ ಹೇಗಿದೆ?"

"ಚೆನ್ನಾಗಿದೆ. ನೀನು ವಾಪಸ್ ಬಾ. ಬೋರ್ಡಿನ ಮೇಲೆ ಹೆಸರು ಬರೆಸ್ತೀನಿ."

ಅವನು ಬಿಸಿನೀರಿನ ಬಟ್ಟೆಯಿಂದ ಮುಖ ಒರೆಸಿದ. "ಬೇಡ. ಇಲ್ಲಿ ಆರು ಜನ ಇದೀವಿ, ಗಲಾಟೆ ಜಾಸ್ತಿ. ಆದ್ರೆ ನಾನು ಊಟದ ಡಬ್ಬಿ ಎಲ್ಲಿಟ್ಟು ಹೋದ್ರೂ ಯಾರೂ ಮುಚ್ಚಳ ತೆಗೆದು ನೋಡಲ್ಲ."

ನಾನು ಅವನ ಡಬ್ಬಿ ತೆಗೆದು ನೋಡುತ್ತಿದ್ದದ್ದು ಅವನಿಗೆ ಗೊತ್ತಿದೆ ಎಂದು ನನಗೆ ಗೊತ್ತಿರಲಿಲ್ಲ. ಅಂಗಡಿಯ ಬ್ಲೇಡು ಮನೆಗೆ ಸಾಗಿಸುತ್ತಾನೇನೋ ಎಂದು ನೋಡುತ್ತಿದ್ದೆ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅನ್ನ ಬಿಟ್ಟು ಬೇರೇನೂ ಸಿಕ್ಕಿರಲಿಲ್ಲ.

ನಿನ್ನ ಮೇಲೆ ನನಗೆ ಸಿಟ್ಟು ಇಲ್ಲವೆಂದರೆ ಸುಳ್ಳಾಗುತ್ತದೆ. ನನ್ನ ಜೂನಿನ ಪತ್ರಕ್ಕೆ ನೀನು ಬರೆದ ಆ ಒಂದು ಸಾಲು ನಿಜವಾಗಿದ್ದಿದ್ದರೆ ಎಡಗೈ ಇವತ್ತೂ ನನ್ನ ಪಕ್ಕದಲ್ಲಿ ನಿಂತಿರುತ್ತಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದವನು ನಾನು, ಆದರೆ ಎತ್ತಿನ ಜ್ವರ ಮುಚ್ಚಿಟ್ಟವಳು ನೀನು. ಅದನ್ನು ನೀನೂ ಸ್ವಲ್ಪ ಹೊರಬೇಕು. ಉಳಿದದ್ದು ನನ್ನದು. ಊರ ಮೇಲಿನ ಅಪರಿಚಿತರಿಗೆಲ್ಲ ಹೇಳಿ ಅತ್ತವಳು ಒಡಹುಟ್ಟಿದವನಿಗೆ ಮಾತ್ರ ಹೇಳಲು ಹೆದರಿದೆ ಎಂದರೆ, ಆ ಹೆದರಿಕೆಯನ್ನು ನೀನೇ ಹುಟ್ಟಿಸಿಕೊಂಡದ್ದಲ್ಲ.

ಹತ್ತಿಯ ಸುದ್ದಿ ಹೇಳಿ ಮುಗಿಸುತ್ತೇನೆ. ಮಗಳು ಅದಕ್ಕೆ ಹಳೆಯ ಬೆಡ್‌ಶೀಟಿನಿಂದ ಅಂಗಿ ಹೊಲಿದಿದ್ದಾಳೆ, ಬಿಸಿಲಿಗೆ ಚರ್ಮ ಸುಡದಿರಲಿ ಎಂದು. ಡಾಕ್ಟರಮ್ಮ ಚರ್ಮ ಕತ್ತರಿಸಿದ ಜಾಗದಲ್ಲಿ ನಾಣ್ಯದಷ್ಟಗಲ ಬೆಳ್ಳಗೆ ಕೂದಲು ಬಂದಿದೆ. ಕಪ್ಪು ಬೆನ್ನಿನ ನಡುವೆ ಅದೊಂದೇ ಕುಚ್ಚು. ಹೀಗಾಗುವುದುಂಟಂತೆ, ಗಾಯವಾದ ಕಡೆ ಮಾತ್ರ ಕೂದಲು ಎಚ್ಚರಗೊಳ್ಳುತ್ತದಂತೆ. ಯಾಕೆ ಎಂದು ಅವರಿಗೂ ಗೊತ್ತಿಲ್ಲ. ಅಂಗಡಿಗೆ ಬಂದವರು ಈಗ ಹೊಸ ಫ್ಯಾಷನ್ನಾ ಎಂದು ಕೇಳುತ್ತಾರೆ. ಹೌದು ಎನ್ನುತ್ತೇನೆ. ತಾಯಿ ನಾಯಿಗೂ ಬಿಸಿಲು ತಾಗದಂತೆ ನೋಡಿಕೋ. ಈ ಸಲ ಫೋಟೊ ಕೇಳುತ್ತಿಲ್ಲ. ಡಿಸೆಂಬರಿನಲ್ಲಿ ನಾವು ಮೂವರೂ ಹತ್ತಿಯನ್ನು ಕರೆದುಕೊಂಡು ಬಂದರೆ ಬಾಗಿಲು ತೆಗೆಯುತ್ತೀಯಾ, ಅದನ್ನು ಬರೆ.

ನಿನ್ನ ಮನೆ ತಣ್ಣಗಿರಲಿ, ಭಾವನ ಮಂಡಿಗೆ ಬೇಗ ಬಲ ಬರಲಿ.

ನಿನ್ನ ಅಣ್ಣ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ಸೇರಿಸುತ್ತಿದ್ದೇನೆ. ನಿನ್ನೆ ಮಗಳು ಕಾಲೇಜಿನಿಂದ ಒಂದು ಗಂಟೆ ತಡವಾಗಿ ಬಂದಳು. ನಾನು ಏನೂ ಕೇಳಲಿಲ್ಲ, ದೇವರಾಣೆ, ತಲೆಯನ್ನೂ ಎತ್ತಲಿಲ್ಲ. ಅವಳು ಚಪ್ಪಲಿ ಬಿಡುವ ಮೊದಲೇ ಬಸ್ ಟಿಕೆಟನ್ನು ನನ್ನ ಮುಂದೆ ಮೇಜಿನ ಮೇಲೆ ಇಟ್ಟಳು. "ಬಸ್ ಕೆಟ್ಟಿತ್ತಪ್ಪ, ಬೇಕಿದ್ರೆ ನನ್ನ ಗೆಳತೀನ ಕೇಳಿ," ಎಂದು ಒಳಗೆ ಹೋದಳು. ನಮ್ಮ ಅಮ್ಮ ಎಲ್ಲಿಗೆ ಹೋಗಿಬಂದರೂ ಅಪ್ಪ ಕೇಳುವ ಮೊದಲೇ ಟಿಕೆಟನ್ನು ಅವನ ಮುಂದೆ ಇಡುತ್ತಿದ್ದಳಲ್ಲ, ಸುಕ್ಕಾಗಿದ್ದರೆ ಬೆರಳಿನಿಂದ ನೀವಿ ಸಪಾಟು ಮಾಡಿ ಇಡುತ್ತಿದ್ದಳಲ್ಲ. ನೀನೂ ನಾನೂ ಬಾಗಿಲ ಹಿಂದೆ ನಿಂತು ಅಪ್ಪನ ಮುಖ ನೋಡುತ್ತಿದ್ದೆವು. ಮಗಳು ಅಜ್ಜಿಯನ್ನು ನೋಡಿದವಳೇ ಅಲ್ಲ. ಅವಳಿಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲ. ಬೆಳಿಗ್ಗೆ ಎದ್ದಾಗ ಟಿಕೆಟ್ ಇನ್ನೂ ಮೇಜಿನ ಮೇಲೇ ಇತ್ತು. ಹರಿದು ಬಿಸಾಡೋಣ ಎಂದು ಕೈಗೆ ತೆಗೆದುಕೊಂಡೆ. ತೆಗೆದುಕೊಂಡವನು ಮೊದಲು ಅದರ ಮೇಲಿನ ಸಮಯ ನೋಡಿದೆ.